ಒಂದು ಕಲ್ಲುಗೋಡೆಗೆ ಹನ್ನೊಂದು ದಿನದ ರೊಟ್ಟಿ

ಎರಡಾಳೆತ್ತರದ ಒಂದು ಕಲ್ಲಿನ ಗೋಡೆಗೆ ನಾನು ತೆತ್ತ ಬೆಲೆ ಹನ್ನೊಂದು ದಿನದ ಜೋಳದ ರೊಟ್ಟಿ. ಮಧ್ಯಾಹ್ನದ್ದೂ ಸೇರಿ, ರಾತ್ರಿಯದ್ದೂ ಸೇರಿ. ಆ ಗೋಡೆ ಈಗ ಇಲ್ಲ. ಖರೆ ಹೇಳಬೇಕೆಂದರೆ ಆಗಲೂ ಇರಲಿಲ್ಲ. ಬಾಯಲ್ಲಿ ಕಟ್ಟಿದ್ದು, ಬಾಯಲ್ಲೇ ಬಿದ್ದದ್ದು. ಇಲ್ಲದ ಗೋಡೆಗೆ ಇರುವ ರೊಟ್ಟಿ ಕೊಟ್ಟ ವ್ಯಾಪಾರಿಯನ್ನು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಹೀಗೆ ಎಲ್ಲಿ ಹುಡುಕಿದರೂ ನಿಮಗೆ ಇನ್ನೊಬ್ಬ ಸಿಗಲಾರ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನಾಳೆ ನಿಮಗೂ ಇಂಥದೊಂದು ಗೋಡೆ ಎಬ್ಬಿಸುವ ಪ್ರಸಂಗ ಬರಬಹುದು. ಬರುವುದಿಲ್ಲ ಎಂದು ನಗಬೇಡಿ. ಎರಡು ವರ್ಷದ ಹಿಂದೆ ನಾನೂ ಹೀಗೇ ನಕ್ಕಿದ್ದೆ.

ಮೊದಲು ನನ್ನ ಬಗ್ಗೆ ಎರಡು ಮಾತು. ನನ್ನ ಅಜ್ಜ ಮಳಖೇಡದ ಹತ್ತಿರ ಕಾಗಿಣಾ ನದಿಯಲ್ಲಿ ಹರಿಗೋಲು ಹಾಕುತ್ತಿದ್ದ. ನಾನು ಶಹಾಬಾದಿನಲ್ಲಿ ಲಾರಿಗೆ ಕಲ್ಲು ಏರಿಸುವ ಹಮಾಲನಾಗಿ ಶುರು ಮಾಡಿದೆ. ಈಗ ಸೇಡಂನಲ್ಲಿ ನನ್ನದೇ ಕಲ್ಲಿನ ಅಡ್ಡೆ ಇದೆ. ಖಣಿಯಿಂದ ಬಂದ, ನೆಲಕ್ಕೆ ಹಾಸುವ ಫರಸಿ ಕಲ್ಲನ್ನು ಅಳತೆಗೆ ಕೊಯ್ದು, ಪಾಲಿಶ್ ಮಾಡಿ, ಊರೂರಿಗೆ ಕಳಿಸುತ್ತೇನೆ. ಹಮಾಲನಿಂದ ಮಾಲಕನಾಗುವ ನಡುವೆ ನನ್ನ ಹತ್ತಿರ ಇದ್ದ ಬಂಡವಾಳವೆಂದರೆ ನಾಲಗೆ ಒಂದೇ. ಚೌಕಾಸಿ ಮಾಡದೆ ನಾನು ಏನನ್ನೂ ತಂದವನಲ್ಲ, ಏನನ್ನೂ ಕೊಟ್ಟವನಲ್ಲ. ಒಮ್ಮೆ ನಾಯಿ ಕಚ್ಚಿ ದವಾಖಾನೆಗೆ ಹೋದಾಗ ಡಾಕ್ಟರು ಐದು ಇಂಜೆಕ್ಷನ್ ಎಂದರು. ನಾನು ಮೂರರಿಂದ ಶುರು ಮಾಡಿ ನಾಲ್ಕಕ್ಕೆ ತಂದು ನಿಲ್ಲಿಸಿದೆ. ಅವರೂ ಬೇಸತ್ತು "ಆಯ್ತು ನಡೀರಿ" ಎಂದರು. ಗೆದ್ದೆನೆಂದು ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ನನ್ನನ್ನು ರಟ್ಟೆ ಹಿಡಿದು ವಾಪಸು ಕರೆದುಕೊಂಡು ಹೋಗಿ, ಡಾಕ್ಟರ ಎದುರು ನಿಲ್ಲಿಸಿ, "ಇವ್ರಿಗೆ ಐದೂ ಹಾಕ್ರಿ, ಬೇಕಂದ್ರ ಆರು ಹಾಕ್ರಿ" ಎಂದಳು. ನನ್ನ ಹೆಂಡತಿ ಸುಶೀಲಾ ಅಂದರೆ ಹೀಗೆ. ಮಾತು ಕಡಿಮೆ. ಆದರೆ ಆಡಿದ ಒಂದು ಮಾತಿಗೆ ಮುಂದೆ ಚೌಕಾಸಿ ನಡೆಯುವುದಿಲ್ಲ.

ಇನ್ನು ಆ ಗೋಡೆ ಎದ್ದ ಆಟದ ವಿಷಯ. ನನ್ನ ಮಗಳು ಅಶ್ವಿನಿ ಇಲ್ಲೇ ಒಂದು ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಾಳೆ. ಹೈದರಾಬಾದಿನಲ್ಲಿ ಓದುವಾಗ ಹಾಸ್ಟೆಲ್ಲಿನ ಗೆಳತಿಯರಿಂದ ಈ ಆಟ ಕಲಿತು, ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಇಪ್ಪತ್ತು ಮುಖದ ಒಂದು ದಾಳವನ್ನೂ ಬಸ್ಸಿನಲ್ಲಿ ತಂದಳು. ಈ ಆಟಕ್ಕೆ ಪಗಡೆಯ ಹಾಗೆ ಹಾಸು ಇಲ್ಲ, ಇಸ್ಪೀಟಿನ ಹಾಗೆ ಎಲೆ ಇಲ್ಲ. ಒಬ್ಬರು ಕತೆ ಹೇಳುತ್ತ ಹೋಗುತ್ತಾರೆ, ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. ಎದುರಿಗೆ ರಾಕ್ಷಸ ಬಂದರೆ ಹೊಡೆಯುತ್ತೀರೋ, ಓಡುತ್ತೀರೋ ಅದು ನಿಮ್ಮ ಮರ್ಜಿ. ಹೊಡೆತ ತಾಗಿತೋ ಇಲ್ಲವೋ ಎಂಬುದನ್ನು ಮಾತ್ರ ದಾಳ ಹೇಳುತ್ತದೆ. ಕತೆ ನಡೆಸುವವಳು ಅಶ್ವಿನಿ. ಪ್ರತಿ ರವಿವಾರ ಊಟ ಮುಗಿದ ಮೇಲೆ ನಮ್ಮ ಪಡಸಾಲೆಯ ಫರಸಿಯ ಮೇಲೆ ಸೀಮೆಸುಣ್ಣದಿಂದ ಕಾಡು, ಗವಿ, ಹೊಳೆ ಬರೆಯುತ್ತಾಳೆ. ನನ್ನ ಅಡ್ಡೆಯಲ್ಲಿ ಕೊಯ್ದುಳಿದ ಕಲ್ಲಿನ ಚೂರುಗಳೇ ನಮ್ಮ ಕಾಯಿಗಳು.

ಪಾತ್ರ ಆರಿಸುವ ದಿನ ನಾನು ಕೇಳಿದ್ದು ಒಂದೇ ಪ್ರಶ್ನೆ: ಖರ್ಚಿಲ್ಲದೆ ಹೆಚ್ಚು ಗಳಿಕೆ ಇರುವ ಕಸುಬು ಯಾವುದು? ಮಂತ್ರವಾದಿಯದು ಎಂದಳು ಅಶ್ವಿನಿ. ಖಡ್ಗ ಬೇಡ, ಕುದುರೆ ಬೇಡ, ಬಾಯೊಂದಿದ್ದರೆ ಸಾಕು. ಹೀಗೆ ನಾನು ಮಂತ್ರವಾದಿ ಮಲಕಪ್ಪನಾದೆ. ಹೊರಡುವಾಗ ಚೀಲದಲ್ಲಿ ಏನೇನು ಇಟ್ಟುಕೊಳ್ಳುತ್ತೀ ಎಂದು ಕೇಳಿದಾಗ ಮಂತ್ರದ ಗ್ರಂಥಕ್ಕಿಂತ ಮೊದಲು ಉಳಿ, ಸುತ್ತಿಗೆ ಎಂದು ಬರೆಸಿದೆ. ಕಲ್ಲಿನ ವ್ಯಾಪಾರಿ ಉಳಿ ಇಲ್ಲದೆ ಮನೆ ಬಿಡುವುದುಂಟೆ? ನನ್ನ ಹೆಂಡತಿಯ ತಮ್ಮ ರೇವಣ್ಣ ವಾಡಿ ಸ್ಟೇಷನ್ನಿನಲ್ಲಿ ರೈಲ್ವೆ ನೌಕರ. ಜೀವಮಾನದಲ್ಲಿ ಒಂದು ನಿಯಮ ಮುರಿಯದ ಆತ ಕಳ್ಳನ ಪಾತ್ರ ತೆಗೆದುಕೊಂಡ. ಕದಿಯುವ ಮುಂಚೆ ಪ್ರತಿ ಸಲವೂ, "ಇದು ಕದಿಲಿಕ್ಕ ಪರವಾನಗಿ ಅದ ಏನು?" ಎಂದು ಅಶ್ವಿನಿಯನ್ನು ಕೇಳುತ್ತಾನೆ.

ಸುಶೀಲಾ ಮೊದಲಿಗೆ ಆಡಲೊಲ್ಲೆ ಎಂದು ದೂರ ಕುಳಿತು ಸೊಪ್ಪು ಸೋಸುತ್ತಿದ್ದಳು. ಎರಡನೆಯ ವಾರ ಮೆಲ್ಲಗೆ, "ಹೆಣ್ಮಕ್ಳು ಕುದ್ರಿ ಹತ್ತಬೌದೇನು ಇದರಾಗ?" ಎಂದಳು. ಹತ್ತಬಹುದು ಎಂದಳು ಮಗಳು. ಮೂರನೆಯ ವಾರದ ಹೊತ್ತಿಗೆ ಬಿಳಿ ಕುದುರೆಯ ಮೇಲೆ, ಉದ್ದನೆಯ ಖಡ್ಗ ಹಿಡಿದ ತುಳಜಾಬಾಯಿ ತಯಾರಾಗಿದ್ದಳು. ಆ ಹೆಸರು ಸುಶೀಲಾಳ ಅಜ್ಜಿಯದು. ಆ ಅಜ್ಜಿ ಶಹಾಬಾದಿನ ಖಣಿಯಲ್ಲಿ ಗಂಡಸರ ಸರಿಸಮ ಕಲ್ಲು ಸೀಳುತ್ತಿದ್ದಳಂತೆ. ತುಳಜಾಬಾಯಿಯ ಕಾಯಿಗೆಂದು ನಾನು ತಂದುಕೊಟ್ಟ ಹಸಿರು ಛಾಯೆಯ ಚೂರನ್ನು ಸುಶೀಲಾ ಎರಡು ದಿನ ಕೂತು ತಾನೇ ತಿಕ್ಕಿ ನುಣುಪು ಮಾಡಿದಳು. ಒಂದೂವರೆ ವರ್ಷ ತುಳಜಾಬಾಯಿ ಒಂದೇ ಒಂದು ರೊಟ್ಟಿ ಬಡಿಯಲಿಲ್ಲ, ಯಾರಿಗೂ ಚಹಾ ಮಾಡಿಕೊಡಲಿಲ್ಲ. ಕಾಡಿನಲ್ಲಿ ನಮಗೆಲ್ಲ ಹಸಿವಾದಾಗ ಮಲಕಪ್ಪ ಏನಾದರೂ ಅಡಿಗೆಯ ಮಾತು ತೆಗೆದರೆ, "ನಾ ಕುದ್ರಿಗೆ ನೀರು ಕುಡಿಸಿ ಬರ್ತೀನಿ, ನೀವು ಮಾಡಿಕೊಂಡು ಉಣ್ರಿ" ಎಂದು ಹೊರಟುಬಿಡುತ್ತಿದ್ದಳು.

ನನಗೆ ಈ ಆಟ ಹಿಡಿಸಿದ್ದು ರಾಕ್ಷಸರಿಗಾಗಿ ಅಲ್ಲ, ಪುಸ್ತಕಕ್ಕಾಗಿ. ಪ್ರತಿ ಮಂತ್ರಕ್ಕೂ ನಾಲ್ಕೈದು ಸಾಲಿನ ನಿಯಮ ಬರೆದಿದ್ದಾರೆ. ಆ ನಾಲ್ಕೈದು ಸಾಲಿನಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚು. ಕರಾರಿನಲ್ಲಿ ಬಿಟ್ಟುಹೋದ ಜಾಗ ಕಂಡರೆ ನನ್ನಂಥವನಿಗೆ ಖಾಲಿ ಪ್ಲಾಟು ಕಂಡಹಾಗೆ. ನಿದ್ದೆ ಬರಿಸುವ ಮಂತ್ರ ಹಾಕಿದಾಗ ಕುದುರೆಗಳು ನಿಂತೇ ನಿದ್ದೆ ಮಾಡುತ್ತವಾದ್ದರಿಂದ ಸವಾರ ಕೆಳಗೆ ಬೀಳುತ್ತಾನೋ ಇಲ್ಲವೋ? ಬೆಳಕಿನ ಮಂತ್ರವನ್ನು ವಸ್ತುವಿನ ಮೇಲೆ ಹಾಕಬೇಕು ಎಂದಿದೆ, ನಾನು ಕಟ್ಟಿಸಿಕೊಂಡ ಹಲ್ಲು ವಸ್ತುವೋ ಅಲ್ಲವೋ? ಹತ್ತು ಜನಕ್ಕೆ ಒಂದು ದಿನಕ್ಕೆ ಸಾಕಾಗುವ ಹಣ್ಣು ಮಂತ್ರದಿಂದ ಬಂದರೆ, ಆ ಹತ್ತು ಜನ ನಮ್ಮ ಕಡೆಯವರೋ ಅಥವಾ ಪುಸ್ತಕ ಬರೆದ ಊರಿನ ಸಣ್ಣ ಹೊಟ್ಟೆಯವರೋ? ಪ್ರತಿ ಪ್ರಶ್ನೆಗೂ ಅರ್ಧ ತಾಸು. ರೇವಣ್ಣನದು ಒಂದೇ ಪಲ್ಲವಿ: "ಬರ್ದಿಲ್ಲ ಅಂದ್ರ ಇಲ್ಲ ಮಾಮಾ." ನನ್ನದೂ ಒಂದೇ: "ಬ್ಯಾಡ ಅಂತನೂ ಬರ್ದಿಲ್ಲಲ್ಲೋ." ಕೊನೆಗೆ ಅಶ್ವಿನಿ ಒಂದು ನೋಟುಬುಕ್ಕು ತಂದಳು. ಪುಸ್ತಕ ಸುಮ್ಮನಿದ್ದ ಕಡೆ ತಾನು ಹೇಳಿದ್ದೇ ತೀರ್ಪು, ಅದನ್ನು ಕೆಂಪು ಪೆನ್ನಿನಲ್ಲಿ ಬರೆದಿಡುವುದು, ಒಮ್ಮೆ ಬರೆದ ಮೇಲೆ ಅದು ಎಲ್ಲರಿಗೂ ಒಂದೇ ಎಂದು ಸಾರಿದಳು. ನನ್ನ ಹಲ್ಲೂ ವಸ್ತುವೇ ಎಂಬುದು ಮೊದಲನೆಯ ತೀರ್ಪು. ಅಂದಿನಿಂದ ಕತ್ತಲೆ ಗವಿಯಲ್ಲಿ ಎಲ್ಲರೂ ನನ್ನ ಬಾಯಿ ತೆರೆಸಿಕೊಂಡೇ ನಡೆಯುತ್ತಿದ್ದರು.

ಒಂದು ರವಿವಾರ ವೈರಿ ಮಾಟಗಾತಿಯೊಬ್ಬಳು ನನ್ನ ಮಲಕಪ್ಪ ಗವಿಯೊಳಗೆ ಹೋದದ್ದು ನೋಡಿ ಬಾಗಿಲಿಗೆ ಕಲ್ಲುಗೋಡೆಯ ಮಂತ್ರ ಹಾಕಿಬಿಟ್ಟಳು. ಒಳಗೆ ನೀರು ಏರುತ್ತಿದೆ, ಹೊರಗೆ ಗೋಡೆ. ಮಲಕಪ್ಪನ ಕತೆ ಮುಗಿಯಿತೆಂದು ರೇವಣ್ಣ ಆಗಲೇ ಮುಖ ಸಣ್ಣದು ಮಾಡಿಕೊಂಡಿದ್ದ. ನಾನು ಪುಸ್ತಕ ಓದಿಸಿದೆ. ಹೇಳಿದ ಕಡೆ ಎರಡಾಳೆತ್ತರದ, ಒಂದು ಗೇಣು ದಪ್ಪದ ಕಲ್ಲಿನ ಗೋಡೆ ಏಳುತ್ತದೆ, ಯಾರಾದರೂ ಒಡೆಯುವತನಕ ನಿಲ್ಲುತ್ತದೆ. ಇಷ್ಟೇ ಇತ್ತು.

"ಯಾವ ಕಲ್ಲು?" ಎಂದೆ.

"ಕಲ್ಲು ಅಂದ್ರ ಕಲ್ಲು ಅಪ್ಪಾ."

"ಹಂಗ ನಡ್ಯಂಗಿಲ್ಲ. ನನ್ನ ಅಡ್ಡಾಕ್ಕ ಬಂದು ಯಾರರ ಬರೇ ಕಲ್ಲು ಕೊಡು ಅಂದ್ರ ನಾ ಏನ್ ಕೊಡ್ಲಿ? ಯಾದಗಿರಿ ಕಡಿ ಕರಿಕಲ್ಲೋ, ಬೀದರ ಕಡಿ ಕೆಂಪು ಕಲ್ಲೋ, ನಮ್ಮ ಫರಸಿನೋ?"

"ಅದೆಲ್ಲಾ ಬರ್ದಿಲ್ಲ ಮಾಮಾ," ಎಂದ ರೇವಣ್ಣ. "ಸಿಗ್ನಲ್ ಬಿದ್ದಿಲ್ಲ ಅಂದ್ರ ಗಾಡಿ ನಿಂತದ್ದೇ. ನೀರಾಗ ಮುಳುಗ್ರಿ."

"ನಿಮ್ಮ ಗಾಡಿ ನಿಂತಾಗ ಬಿಸಿಲಾಗ ಬೇಯೋರು ನಾವು. ನೀ ಸುಮ್ಮಿರು."

ಆಮೇಲೆ ನಮ್ಮ ಧಂದೆಯ ಒಂದು ರಿವಾಜನ್ನು ಎದುರಿಗಿಟ್ಟೆ. ಚೀಟಿಯಲ್ಲಿ ಕಲ್ಲಿನ ಹೆಸರು ಬರೆಯದಿದ್ದರೆ, ವ್ಯವಹಾರ ಯಾವ ಊರಿನಲ್ಲಿ ಆಯಿತೋ ಆ ಊರಿನ ಕಲ್ಲು ಎಂದೇ ತಿಳಿಯಬೇಕು. ನಮ್ಮ ಅಡ್ಡೆಯಲ್ಲಿ ಹಾಗೆಯೇ ನಡೆದುಬಂದಿದೆ, ಅದರ ಮೇಲೆ ಯಾರೂ ತಕರಾರು ತೆಗೆದಿಲ್ಲ. ಈ ಮಂತ್ರ ಹೇಳಿದ್ದು ಎಲ್ಲಿ? ಸೇಡಂನಲ್ಲಿ, ನಮ್ಮ ಪಡಸಾಲೆಯಲ್ಲಿ. ಅಂದ ಮೇಲೆ ಎದ್ದದ್ದು ನಮ್ಮ ಫರಸಿ ಕಲ್ಲಿನ ಗೋಡೆ. ನಮ್ಮ ಫರಸಿಯ ಗುಣ ಏನು? ಒಂದರ ಮೇಲೊಂದು ರೊಟ್ಟಿ ಪೇರಿಸಿಟ್ಟ ಹಾಗೆ ಪದರು ಪದರು. ಪದರಿನ ಸಂದು ಹುಡುಕಿ ಉಳಿ ಇಟ್ಟು ನಾಲ್ಕು ಪೆಟ್ಟು ಕೊಟ್ಟರೆ ಹಲಗೆ ಹಲಗೆಯಾಗಿ ಬಿಟ್ಟುಕೊಳ್ಳುತ್ತದೆ. ಮಲಕಪ್ಪನ ಚೀಲದಲ್ಲಿ ಉಳಿ ಇದೆಯೋ ಇಲ್ಲವೋ ನೋಡಿರಿ!

ಅಶ್ವಿನಿ ಪುಸ್ತಕದ ಆ ಸಾಲನ್ನು ಇನ್ನೊಮ್ಮೆ ಓದಿದಳು. ಫಿಜಿಕ್ಸ್ ಕಲಿಸುವವಳು, ಕಲ್ಲಿನ ಮನೆಯಲ್ಲಿ ಹುಟ್ಟಿದವಳು, ಇಲ್ಲ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ. ಕೆಂಪು ಪೆನ್ನು ತೆಗೆದಳು. "ಮಂತ್ರದಿಂದ ಎದ್ದ ಕಲ್ಲೆಲ್ಲಾ ನಮ್ಮ ಫರಸಿ. ಉಳಿ ಇದ್ದಾವ್ರು ಸೀಳಬೌದು. ಎಲ್ಲಾರಿಗೂ ಒಂದೇ. ಒಪ್ಪಿಗೆನಾ ಅಪ್ಪಾ?"

"ಎಲ್ಲಾರಿಗೂ ಒಂದೇ," ಎಂದು ವ್ಯಾಪಾರ ಕುದುರಿಸಿದವನಂತೆ ಕೈ ಕುಲುಕಿದೆ.

ಸುಶೀಲಾ ತನ್ನ ಹಸಿರು ಚೂರನ್ನು ಬೆರಳಲ್ಲಿ ತಿರುಗಿಸುತ್ತ, "ಏನ್ರಿ, ಅದೇ ಗೋಡಿ ಮಂತ್ರ ನಿಮ್ಮ ಗ್ರಂಥದಾಗನೂ ಅದಲ್ರಿ? ನಾಳೆ ನೀವು ಎಬ್ಬಿಸಿದ ಗೋಡಿನೂ ಹಿಂಗ ಸೀಳ್ತದಲ್ಲ?" ಎಂದಳು.

"ನಿಂಗ ವ್ಯಾಪಾರ ತಿಳ್ಯಂಗಿಲ್ಲ, ಸುಮ್ಮ ಕುಂದ್ರು" ಎಂದೆ. ಖಣಿಯಲ್ಲಿ ಕಲ್ಲು ಸೀಳಿದ ತುಳಜಾಬಾಯಿಯ ಮೊಮ್ಮಗಳಿಗೆ ಈ ಮಾತು ಹೇಳಿದೆ, ನೋಡಿ.

ಗೆದ್ದವನಿಗೆ ಸುಮ್ಮನಿರಲು ಬರುವುದಿಲ್ಲ. ಗವಿಯಿಂದ ಹೊರಬಿದ್ದ ಮಲಕಪ್ಪ ಮುಂದಿನ ರವಿವಾರ ಕತೆಯೊಳಗಿನ ಸಂತೆಯಲ್ಲಿ ಒಂದು ಉಳಿಯ ಅಂಗಡಿ ತೆರೆದ. ಮಾಟದ ಗೋಡೆಗೆ ಹೆದರುವ ಕಾಲ ಹೋಯಿತು, ನಮ್ಮ ಉಳಿ ಒಯ್ಯಿರಿ ಎಂದು ಕೂಗಿದ್ದೇ ಕೂಗಿದ್ದು. ಹತ್ತು ತೆಗೆದುಕೊಂಡವರಿಗೆ ಒಂದು ಪುಕ್ಕಟೆ. ಪದರಿನ ಸಂದು ಹ್ಯಾಗೆ ಹುಡುಕಬೇಕು, ಪೆಟ್ಟು ಯಾವ ಕೋನದಲ್ಲಿ ಕೊಡಬೇಕು ಎಂದು ಪ್ರತಿ ಗಿರಾಕಿಗೂ ಕೂಡಿಸಿ ಹೇಳಿಕೊಟ್ಟೆ. ಉಪದೇಶಕ್ಕೆ ನಾನು ಎಂದೂ ಜಿಪುಣತನ ಮಾಡಿದವನಲ್ಲ. ಗಿರಾಕಿಗಳ ಮುಖ ನೋಡಲಿಲ್ಲ. ಒಬ್ಬನಿಗೆ ಕೋರೆಹಲ್ಲಿದ್ದವೆಂದು ಅಶ್ವಿನಿ ಹೇಳಿದ್ದು ಈಗ ನೆನಪಾಗುತ್ತದೆ.

ಒಂದು ತಿಂಗಳಾದ ಮೇಲೆ ಸೇತುವೆಯ ಪ್ರಸಂಗ ಬಂತು. ಒಂದು ಹಳ್ಳಿಯ ಜನರನ್ನು ಹೊಳೆ ದಾಟಿಸುತ್ತಿದ್ದೇವೆ, ಹಿಂದಿನಿಂದ ಕೋರೆಹಲ್ಲಿನ ದರೋಡೆಕೋರರ ದಂಡು ಬರುತ್ತಿದೆ. ನಡುವೆ ಒಂದು ಸಣ್ಣ ಕಲ್ಲಿನ ಸೇತುವೆ. ತುಳಜಾಬಾಯಿ ಕುದುರೆಯನ್ನು ಸೇತುವೆಯ ಬಾಯಿಗೆ ತಂದು ನಿಲ್ಲಿಸಿದಳು. "ನೀವು ಮಂದಿನ್ನ ಕರಕೊಂಡು ನಡ್ರಿ. ಇಲ್ಲಿ ನಾ ನಿಲ್ತೀನಿ. ಒಬ್ಬೊಬ್ಬರೇ ಬರಬೇಕು, ಬಂದಾಂಗ ನೋಡ್ಕೋತೀನಿ," ಎಂದು ಸುಶೀಲಾ ಸೆರಗು ಸೊಂಟಕ್ಕೆ ಸಿಗಿಸಿ ದಾಳ ಕೈಗೆ ತೆಗೆದುಕೊಂಡಳು. ಆಕೆಯ ಕಣ್ಣುಗಳು ಹೊಳೆಯುತ್ತಿದ್ದವು. ನಾನು ಅದನ್ನು ನೋಡಬೇಕಿತ್ತು. ನೋಡಿದ್ದು ದಂಡಿನ ಗಾತ್ರವನ್ನು.

"ಏ, ಹುಚ್ಚಿ ಆಗಿ ಏನು? ನೀ ಹಿಂದ ಸರಿ, ನಾ ಗೋಡಿ ಎಬ್ಬಿಸ್ತೀನಿ," ಎಂದು ಆಕೆಯ ಕುದುರೆಯ ಮುಂದೆಯೇ ಮಂತ್ರ ಹಾಕಿಬಿಟ್ಟೆ. ಎರಡಾಳೆತ್ತರದ ಗೋಡೆ ಎದ್ದಿತು. ತುಳಜಾಬಾಯಿಯ ಮೂಗಿನ ಮುಂದೆ ಕಲ್ಲು. ಬೀಸಲು ಜಾಗವಿಲ್ಲ, ಎದುರಿನವರು ಕಾಣುವುದಿಲ್ಲ. ನಾನು ಕೈ ಒರೆಸಿಕೊಂಡು, "ಈಗ ಬರ್ಲಿ ನೋಡೋಣು," ಎಂದೆ.

ಅಶ್ವಿನಿ ತಣ್ಣಗೆ ಹೇಳಿದಳು: "ದಂಡಿನ ಸರದಾರ ಗೋಡಿ ಮುಂದ ನಿಂತು ಚೀಲದಾಗ ಕೈ ಹಾಕ್ತಾನ. ಉಳಿ ತಗೀತಾನ."

"ಅವನ ಹಂತ್ಯಾಕ ಉಳಿ ಎಲ್ಲಿಂದ ಬಂತು?"

"ನೀನ ಮಾರಿದ್ದು ಅಪ್ಪಾ. ಹನ್ನೊಂದು ಅವ. ಹತ್ತಕ್ಕ ಒಂದು ಪುಕ್ಕಟೆ ಕೊಟ್ಟಿದ್ದಿ."

"ಇರ್ಲಿ, ಆದ್ರ ಪದರು ಹುಡುಕೋದು ಅವ್ನಿಗೇನು ಗೊತ್ತು?"

ಮೂವರೂ ನನ್ನ ಮುಖ ನೋಡಿದರು. ಪ್ರತಿ ಗಿರಾಕಿಗೂ ಕೂಡಿಸಿ ಹೇಳಿಕೊಟ್ಟವನು ನಾನೇ. ಆಗ ನಾನು ಮಾಡಬಾರದ ಇನ್ನೊಂದು ಕೆಲಸ ಮಾಡಿದೆ. ಈ ಗೋಡೆ ಫರಸಿಯದಲ್ಲ, ನಾನು ಮನಸ್ಸಿನಲ್ಲಿ ಯಾದಗಿರಿಯ ಕರಿಕಲ್ಲು ಇಟ್ಟುಕೊಂಡೇ ಮಂತ್ರ ಹೇಳಿದ್ದೆ ಎಂದು ವಾದಿಸಿದೆ. ಅಶ್ವಿನಿ ನೋಟುಬುಕ್ಕು ತೆರೆದು ನನ್ನ ಎದುರಿಗಿಟ್ಟಳು. ರೇವಣ್ಣ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ, "ಎಲ್ಲಾರಿಗೂ ಒಂದೇ" ಎಂಬುದನ್ನು ಎರಡು ಸಲ ಓದಿದ. ದಾಳ ಉರುಳಿತು. ಗೋಡೆ ಹಲಗೆ ಹಲಗೆಯಾಗಿ ಬಿಟ್ಟುಕೊಂಡು ಹಿಂದೆ ನಿಂತಿದ್ದವಳ ಮೇಲೇ ಜಾರಿತು. ಕುದುರೆ ಹೊಳೆಗೆ ಬಿದ್ದು ಈಜಿ ದಡ ಸೇರಿತು. ತುಳಜಾಬಾಯಿ ಸೇರಲಿಲ್ಲ.

ಸುಶೀಲಾ ಸೀಮೆಸುಣ್ಣದ ಸೇತುವೆಯ ಮೇಲಿಂದ ಹಸಿರು ಚೂರನ್ನು ಎತ್ತಿಕೊಂಡು, ದೇವರ ಜಗಲಿಯ ಮೇಲಿಟ್ಟು, ಅರಿಷಿಣ ಕುಂಕುಮ ಹಚ್ಚಿ ಬಂದಳು. ಆಮೇಲೆ ರೊಟ್ಟಿಯ ಹಂಚನ್ನು ತೊಳೆದು ಬೋರಲು ಹಾಕಿ ಹೇಳಿದಳು: "ಮನ್ಯಾಗ ಹೆಣ್ಮಗಳು ಸತ್ತಾಳ. ಹನ್ನೊಂದು ದಿನ ಸೂತಕ. ಹಂಚು ಒಲಿಮ್ಯಾಲ ಏರಂಗಿಲ್ಲ."

ಒಂಬತ್ತು ದಿನಕ್ಕೆ ಆಗಲಿ ಎಂದು ಬಾಯಿ ತೆರೆದೆ. ದವಾಖಾನೆ ನೆನಪಾಗಿ ಮುಚ್ಚಿಕೊಂಡೆ.

ಸೂತಕದ ಮನೆಗೆ ಊಟ ತಂದುಕೊಡುವುದು ನಮ್ಮ ಕಡೆಯ ಪದ್ಧತಿ. ಪಕ್ಕದ ಮನೆಯ ರಾಜಮ್ಮ ವಿಷಯ ತಿಳಿದು ಬಿದ್ದು ಬಿದ್ದು ನಕ್ಕರೂ ಪದ್ಧತಿ ಬಿಡಲಿಲ್ಲ. ದಿನಾ ಬಿಸಿ ರೊಟ್ಟಿ, ಪುಂಡಿಪಲ್ಲೆ ತಂದು ತಾಯಿ ಮಗಳಿಗೆ ಬಡಿಸಿದಳು. ನನ್ನ ತಟ್ಟೆಯ ಕಡೆ ಬಂದಾಗ ಮಾತ್ರ, "ಕೊಂದಾವ್ರಿಗೆ ಬಡಸ್ತಾರೇನ್ರಿ ಎಲ್ಲರ?" ಎಂದು ಬುಟ್ಟಿ ಮುಚ್ಚಿಕೊಂಡು ಹೋದಳು. ನಾನು ಬಸ್‌ಸ್ಟ್ಯಾಂಡಿನ ಖಾನಾವಳಿಗೆ ಬಿದ್ದೆ. ಆ ರೊಟ್ಟಿಗಳ ಬಗ್ಗೆ ಇಷ್ಟೇ ಹೇಳಬಲ್ಲೆ: ಅವುಗಳಲ್ಲಿ ಕೆಲವಕ್ಕೆ ಪಾಲಿಶ್ ಹೊಡೆದರೆ ನನ್ನ ಅಡ್ಡೆಯಲ್ಲಿ ಮಾರಬಹುದಿತ್ತು.

ಇದರ ನಡುವೆ ಧಂದೆಗೂ ಪೆಟ್ಟು ಬಿತ್ತು. ಚಿಂಚೋಳಿಯ ಒಬ್ಬ ಗಿರಾಕಿ ಹೊಸ ಮನೆಗೆ ಕಲ್ಲು ನೋಡಲು ಬಂದಿದ್ದ. ಮನೆಯಲ್ಲಿ ಸೂತಕ ಎಂದು ಆಳುಗಳು ಮೊದಲೇ ಹೇಳಿಬಿಟ್ಟಿದ್ದರು. ನಾನು ಹಸಿದ ಹೊಟ್ಟೆಯಲ್ಲಿ ಎಲ್ಲೋ ನೋಡುತ್ತ ಕುಳಿತಿದ್ದೆ. ಆತ ಟೋಪಿ ತೆಗೆದು ಪಕ್ಕದಲ್ಲಿ ಕುಳಿತ.

"ಯಾರು ಹೋದ್ರು ಸಾವಕಾರ್ರೆ?"

"ತುಳಜಾಬಾಯಿ."

"ವಯಸ್ಸಾಗಿತ್ತೇನ್ರಿ?"

"ಎಲ್ಲೀದ್ರಿ, ಒಂದೂವರಿ ವರ್ಷ."

"ಅಯ್ಯ ಶಿವನ, ಕೂಸು! ಏನಾಗಿತ್ರಿ?"

"ಗೋಡಿ ಪದರು ಬಿಟ್ಟು ಮೈಮ್ಯಾಲ ಬಿತ್ತು."

"ಎಂಥಾ ಗೋಡಿ? ಯಾರ ಕಲ್ಲು?"

"ನಂದ," ಎಂದೆ. ಅಂದ ಮೇಲೆ ಅರಿವಾಯಿತು. ಆತ ಸುತ್ತ ಪೇರಿಸಿಟ್ಟ ನನ್ನ ಫರಸಿಗಳನ್ನು ಒಮ್ಮೆ ನೋಡಿ, ಅವುಗಳಿಂದ ಎರಡು ಹೆಜ್ಜೆ ದೂರ ಸರಿದು, ಹನ್ನೊಂದು ದಿನ ಆಗಲಿ, ಆಮೇಲೆ ಬರ್ತೀನಿ ಎಂದು ಕೈ ಮುಗಿದು ಹೋದ. ಹಿಂದೆ ಓಡಿ ಹೋಗಿ, ಇಲ್ರಿ, ಅದು ಆಟದ ಹೆಣ್ಣುಮಗಳು, ಮಂತ್ರದ ಗೋಡೆ ಎಂದು ಬಿಡಿಸಿ ಹೇಳಿದೆ. ಅದನ್ನು ಕೇಳಿದ ಮೇಲೆ ಆತ ಇನ್ನೂ ಜೋರಾಗಿ ನಡೆಯತೊಡಗಿದ.

ಹನ್ನೊಂದನೆಯ ದಿನ ಅಶ್ವಿನಿಗೇ ನನ್ನ ಮೇಲೆ ಕರುಣೆ ಬಂತು. ಸತ್ತವರನ್ನು ಮರಳಿ ಕರೆಯುವ ಒಂದು ಮಂತ್ರವಿದೆ, ಮಲಕಪ್ಪ ಅದನ್ನು ಹೇಳಬಹುದು ಎಂದಳು. ಸಂಜೆ ಎಲ್ಲರೂ ಪಡಸಾಲೆಯಲ್ಲಿ ಕುಳಿತೆವು, ವಾಡಿಯಿಂದ ರೇವಣ್ಣನೂ ಬಂದ. ಪುಸ್ತಕ ಓದಿಸಿದೆ. ಸತ್ತವರ ಆತ್ಮ ಒಪ್ಪಿದರೆ ಅವರು ಮರಳಿ ಬರುತ್ತಾರೆ. ಮತ್ತೆ ಅಷ್ಟೇ. ನಾನು ಮಂತ್ರ ಹೇಳಿ, ಹೆಂಡತಿಯ ಕಡೆ ತಿರುಗಿ, "ಒಪ್ಪಿದಿ ಅಂತ ಹೇಳಿಬಿಡು" ಎಂದೆ.

"ಒಪ್ತೀನಿ. ಆದ್ರ ನಂದು ಎರಡು ಮಾತು ಅವ," ಎಂದಿತು ಆತ್ಮ.

"ಒಪ್ಪಿದರೆ ಅಂತ ಅದ, ಷರತ್ತು ಹಾಕಬೌದು ಅಂತ ಎಲ್ಲದ?" ಎಂದು ನಾನು ಪುಸ್ತಕಕ್ಕೆ ಕೈ ಹಾಕಿದೆ. ಬರೆದಿಲ್ಲ ಎಂದರೆ ಇಲ್ಲ ಎಂದು ರೇವಣ್ಣನಾದರೂ ಹೇಳಿಯಾನೆಂದು ಆತನ ಕಡೆ ನೋಡಿದೆ. ಆತ ತನ್ನ ಬೂಟಿನ ದಾರ ನೋಡುತ್ತಿದ್ದ, ಪಡಸಾಲೆಯಲ್ಲಿ ಯಾರೂ ಬೂಟು ಹಾಕಿರಲಿಲ್ಲ.

"ಪುಸ್ತಕ ಸುಮ್ಮನಿದ್ರ ಧಂದೆದ ರಿವಾಜು ನೋಡಬೇಕು ಅಂತ ನೀನ ಹೇಳಿದ್ದಿ ಅಪ್ಪಾ," ಎಂದಳು ಅಶ್ವಿನಿ. "ನಿನ್ನ ಧಂದೆದಾಗ ಏನೂ ಕೇಳದ ಯಾರರ ಒಪ್ತಾರೇನು?"

ಕೆಂಪು ಪೆನ್ನು ಹೊರಬಂತು. ನಾನು ಪುಸ್ತಕದಿಂದ ಕೈ ಹಿಂದಕ್ಕೆ ತೆಗೆದೆ.

ಸುಶೀಲಾ ಹೇಳಿದಳು: "ಗೋಡಿ ಸೀಳಿತು ಅಂತ ನಂಗೇನೂ ಸಿಟ್ಟಿಲ್ರಿ. ಕಲ್ಲಂದ ಮ್ಯಾಲ ಸೀಳತದ. ನೀವು ಗೋಡಿ ಎಬ್ಬಿಸಿದ್ದು ಯಾಕ? ನಾ ಕೇಳಿದ್ನೇನು? ಮದಿವಿ ಆಗಿ ಬಂದಾಗಿಂದ ನಿಮ್ಮ ಮಾತಿನ ಹಿಂದ ನಿಂತೀನಿ. ತುಳಜಾಬಾಯಿ ಒಬ್ಬಾಕಿ ಮುಂದ ನಿಂತಿದ್ದಳು. ಆಕಿನ್ನೂ ಹಿಂದ ಹಾಕಿದ್ರಿ. ಇನ್ಮುಂದ ಆಕಿ ಮುಂದ ಕೇಳದ ಗೋಡಿ ಎಬ್ಬಿಸಂಗಿಲ್ಲ. ಇದು ಒಂದನೇ ಮಾತು."

ದಾಳ ನನ್ನ ಕೈಯಲ್ಲಿತ್ತು. ಅದರ ಇಪ್ಪತ್ತು ಮುಖವನ್ನೂ ಒಂದೊಂದಾಗಿ ನೋಡಿದೆ. ಒಪ್ಪಿದೆ ಎಂದೆ. ಅದಕ್ಕೆ ಚೌಕಾಸಿ ಇರಲಿಲ್ಲ.

"ಎರಡನೇ ಮಾತು. ಐತ್ವಾರ ಆಟ ಇದ್ದ ದಿನ ರೊಟ್ಟಿ ನೀವು ಬಡೀಬೇಕು. ನಂಗ ಕುದ್ರಿ ನೋಡಿಕೊಳ್ಳೋದಿರ್ತದ."

ಇಲ್ಲಿ ನನ್ನ ನಾಲಗೆಗೆ ಮತ್ತೆ ಜೀವ ಬಂತು. ಎರಡು ವಾರಕ್ಕೊಮ್ಮೆ ಎಂದೆ. "ಐತ್ವಾರ, ಮತ್ತ ಅಮಾಸಿ" ಎಂದಳು. ಹಿಟ್ಟು ನಾದಿಕೊಡು, ಬಡಿಯುವುದಷ್ಟೇ ನಾನು ಎಂದೆ. "ಐತ್ವಾರ, ಅಮಾಸಿ, ಹುಣಿವಿ" ಎಂದಳು. ಖಾನಾವಳಿಯಿಂದ ತರಿಸಿದರೆ ನಡೆಯುತ್ತದೆಯೇ ಎಂದೆ. "ರಾಜಮ್ಮಗೂ ನಾಕು ಕೊಡಬೇಕು, ಹನ್ನೊಂದು ದಿನ ತಂದಾಳ" ಎಂದಳು. ಇಳಿಯುವ ಬದಲು ಏರುವ ಚೌಕಾಸಿಯನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದ್ದು. ಇನ್ನೊಂದು ಮಾತಾಡಿದ್ದರೆ ಇಡೀ ಶ್ರಾವಣ ನನ್ನ ತಲೆಗೆ ಬರುತ್ತಿತ್ತು. ಕೈ ಮುಂದೆ ಮಾಡಿದೆ. ಆಕೆ ಜಗಲಿಯ ಮೇಲಿಂದ ಹಸಿರು ಚೂರನ್ನು ತಂದು, ಕುಂಕುಮ ಒರೆಸಿ, ಸೀಮೆಸುಣ್ಣದ ಸೇತುವೆಯ ಬಾಯಿಗೆ ಇಟ್ಟಳು. ಅಂದು ಆಟ ಅಲ್ಲಿಗೇ ನಿಂತಿದ್ದರಿಂದ ದಂಡು ಇನ್ನೂ ಅಲ್ಲೇ ಇತ್ತು. ನನ್ನ ಬಾಯಿಗೆ ಮಂತ್ರ ಬಂದದ್ದನ್ನು ನುಂಗಿಕೊಂಡೆ. ಆಕೆ ದಾಳ ಹಾಕಿದಳು, ಇಪ್ಪತ್ತು ಬಿತ್ತು. ಕೋರೆಹಲ್ಲಿನ ಸರದಾರ ನನ್ನ ಹನ್ನೊಂದು ಉಳಿಗಳ ಸಮೇತ ಹೊಳೆಗೆ ಬಿದ್ದ. ಗೋಡೆಯ ಅವಶ್ಯಕತೆ ಮೊದಲಿಂದಲೂ ಇರಲಿಲ್ಲ ಎಂದು ರೇವಣ್ಣ ಹೇಳಿದ. ಇದು ಎಲ್ಲಿ ಬರೆದಿದೆ ಎಂದು ನಾನು ಕೇಳಲಿಲ್ಲ.

ಮುಂದಿನ ರವಿವಾರ ನಾನು ಮೊದಲ ರೊಟ್ಟಿ ಬಡಿದೆ. ತುಳಜಾಬಾಯಿ ಅದನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ತೋರಿಸಿ, ಮುರಿಯಲು ನೋಡಿ, ಕೊನೆಗೆ ನೆಲದ ಫರಸಿಗೆ ಒಮ್ಮೆ ಕುಟ್ಟಿ ನೋಡಿದಳು. ಪದರು ಎಂಬುದು ಹೆಸರಿಗೂ ಇರಲಿಲ್ಲ. "ಏನ್ರಿ," ಎಂದಳು, "ಆವತ್ತು ಗೋಡಿ ಇದರಿಂದ ಎಬ್ಬಿಸಿದ್ರ ನಾ ಸಾಯ್ತಿದ್ದಿಲ್ಲ ನೋಡ್ರಿ."

ಆದ್ದರಿಂದ ಓದುಗರೇ, ನನ್ನ ಅನುಭವದಿಂದ ನಾಲ್ಕು ಮಾತು ಹೇಳುತ್ತೇನೆ, ಪುಕ್ಕಟೆ. ನಿಮ್ಮ ಮನೆಯಲ್ಲೂ ಈ ಆಟ ಶುರುವಾದರೆ, ಪುಸ್ತಕ ಸುಮ್ಮನಿರುವ ಕಡೆ ನೀವೂ ಸುಮ್ಮನಿರಿ. ಮಾತಾಡಲೇಬೇಕೆಂದರೆ, ಅದೇ ಮಾತನ್ನು ನಾಳೆ ಎದುರಿನವನು ನಿಮಗೆ ಹೇಳಿದರೆ ಹ್ಯಾಗೆ ಎಂದು ನೋಡಿಕೊಂಡು ಮಾತಾಡಿ. ಉಳಿ ಮಾರುವಾಗ ಗಿರಾಕಿಯ ಹಲ್ಲು ನೋಡಿ. ಕುದುರೆಯ ಮೇಲೆ ಕುಳಿತವಳ ಮುಂದೆ ಗೋಡೆ ಎಬ್ಬಿಸುವ ಮೊದಲು ಅವಳನ್ನು ಕೇಳಿ. ಇನ್ನು ರೊಟ್ಟಿಯ ವಿಷಯ, ಯಾಕೆಂದರೆ ನೀವು ಹೇಗಿದ್ದರೂ ಕೊನೆಗೆ ಅಲ್ಲಿಗೇ ಬರುತ್ತೀರಿ: ಜೋಳದ ಹಿಟ್ಟಿಗೆ ತಣ್ಣೀರು ಹಾಕಬೇಡಿ, ಕುದಿಯುವ ಎಸರೇ ಇರಲಿ. ಸರಿಯಾಗಿ ನಾದಿ, ಇಲ್ಲದಿದ್ದರೆ ಅಂಚು ಸೀಳುತ್ತದೆ. ಸೀಳಿದರೆ ಒದ್ದೆ ಬೆರಳಿನಿಂದ ಒತ್ತಿ ಕೂಡಿಸಿ, ಅದು ಫರಸಿಯಲ್ಲ, ಮತ್ತೆ ಕೂಡುತ್ತದೆ. ಹಂಚಿಗೆ ಹಾಕಿದ ಮೇಲೆ ನೀರು ಸವರುವುದನ್ನು ಮರೆಯಬೇಡಿ. ಬಡಿಯುವಾಗ ಬಾಯಿ ಮುಚ್ಚಿಕೊಂಡಿರಿ. ನನ್ನ ರೊಟ್ಟಿ ಕಳೆದ ರವಿವಾರ ಮೊದಲ ಸಲ ಉಬ್ಬಿತು, ಪಡಸಾಲೆಗೆ ಓಡಿಹೋಗಿ ಎಲ್ಲರಿಗೂ ತೋರಿಸಿದೆ. ಹೊಗಳಿಕೆ ಕಡಿಮೆಯಾಯಿತೆಂದು ಅಲ್ಲೇ ನಿಂತು ಚೌಕಾಸಿಗೆ ಇಳಿದೆ. ವಾಪಸು ಬರುವಷ್ಟರಲ್ಲಿ ಹಂಚಿನ ಮೇಲಿದ್ದ ಎರಡನೆಯದು ಯಾದಗಿರಿಯ ಕರಿಕಲ್ಲಾಗಿತ್ತು.